ಸೋಲು ಯಾವ ಖಾನೆಗೆ?

ಒಳಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಪಡಸಾಲೆಯಲ್ಲಿ ಕೂತಿದ್ದ ಸುಲೋಚನಾ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ಮನಸ್ಸಿನಲ್ಲೇ ಎಣಿಸತೊಡಗಿದಳು.

ಸದ್ದು ನಿಂತಿತೆಂದರೆ ಮಹಾನಂದಾ ನೆಲದಿಂದ ಏಳಲು ಹೊರಟಿದ್ದಾಳೆಂದು ಅರ್ಥ. ಐದು ಎಣಿಸುವಷ್ಟರಲ್ಲಿ ಹಲಗೆ ಪಕ್ಕಕ್ಕೆ ಸರಿಯಿತು. ಹನ್ನೊಂದಕ್ಕೆ ಗೋಡೆಗೆ ಅಂಗೈ ಊರಿದ ಸಪ್ಪಳ. ಹದಿನೇಳಕ್ಕೆ ಒಂದು ದೀರ್ಘ ಉಸಿರು, ಹಿಂದೆಯೇ ಧೊಪ್ಪೆಂದು ಮತ್ತೆ ಕೂತದ್ದು. ಇಪ್ಪತ್ತಾರಕ್ಕೆ ಕೊನೆಗೂ ಹೆಜ್ಜೆಯ ಸದ್ದು ಬಂತು. ಹೋದ ಶುಕ್ರವಾರ ಇಪ್ಪತ್ತೊಂದು ಇತ್ತು.

ಹೀಗೆ ಕದ್ದು ಎಣಿಸುವುದು ಸರಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಕೇಳಿದರೆ ಮಹಾನಂದಾ ನಿಜ ಹೇಳುವವಳಲ್ಲ. ಸಹಾಯಕ್ಕೆ ಕೈ ನೀಡಿದರೆ ಅದನ್ನು ಹಿಡಿಯುವವಳಂತೂ ಅಲ್ಲವೇ ಅಲ್ಲ.

ಇಬ್ಬರೂ ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಿರು. ಮಹಾನಂದಾ ಹಿರಿಯಳು, ಸುಲೋಚನಾ ಕಿರಿಯಳು. ಗಂಡಂದಿರಿಬ್ಬರೂ ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ದುರಸ್ತಿಗೆ ಹೋಗಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದುದರಿಂದ, ಧಾರವಾಡದ ಆ ಮನೆ ನಡೆಯುತ್ತಿದ್ದುದು ಈ ಇಬ್ಬರ ಮೇಲೆ. ಮುಂದಿನ ಎರಡು ಕೋಣೆಗಳಲ್ಲಿ ಮಹಾನಂದಾಳ ರೊಟ್ಟಿ ಕೇಂದ್ರವಿತ್ತು. ಊರಲ್ಲಿ ನಿಮಿಷಕ್ಕೆ ನಲವತ್ತು ರೊಟ್ಟಿ ಉದುರಿಸುವ ಯಂತ್ರಗಳು ಬಂದು ಹತ್ತು ವರ್ಷವಾಗಿದ್ದರೂ ಕೈಯಿಂದ ಬಡಿದ ಜೋಳದ ರೊಟ್ಟಿಗೆ ಗಿರಾಕಿ ತಪ್ಪಿರಲಿಲ್ಲ. ನಾಲ್ವರು ಹೆಂಗಸರು ಕಟ್ಟೆಯ ಮುಂದೆ ನಿಂತು ಬಡಿಯುತ್ತಿದ್ದರು. ಮಹಾನಂದಾ ಮಾತ್ರ ಒಳಗೆ, ನೆಲದ ಮೇಲೆ ಕೂತೇ ಬಡಿಯುತ್ತಿದ್ದಳು. ನಿಂತು ಬಡಿದ ರೊಟ್ಟಿಗೆ ಅಂಗೈಯ ಭಾರ ಸರಿಯಾಗಿ ಬೀಳುವುದಿಲ್ಲ ಎಂಬುದು ಅವಳ ಹಠ.

ಮೂರು ವರ್ಷದ ಹಿಂದೆ ಒಣಕೆಮ್ಮು ಬಂದು ಬಿಡದಿದ್ದಾಗ ಪರೀಕ್ಷೆ ಮಾಡಿಸಿ, ಸಾರ್ಕಾಯ್ಡೋಸಿಸ್ ಎಂದು ಹೇಳಿದ್ದರು. ದೇಹವನ್ನು ಕಾಯಬೇಕಾದ ಕಣಗಳೇ ಇಲ್ಲದ ಶತ್ರುವನ್ನು ಮುತ್ತಿ, ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟುಗಳಾಗಿ ಕೂರುವ ಕಾಯಿಲೆ. ಆ ಗಂಟುಗಳಿಂದ ರಕ್ತದಲ್ಲಿ ಕ್ಯಾಲ್ಸಿಯಂ ಕೂಡ ಏರುತ್ತದೆ. ಸ್ಟೀರಾಯ್ಡ್ ಗುಳಿಗೆ ಕೊಟ್ಟರು. ಕೆಮ್ಮು ಹೋಯಿತು, ಕ್ಯಾಲ್ಸಿಯಂ ಇಳಿಯಿತು. ಆದರೆ ಈ ವರ್ಷ ಕ್ಯಾಲ್ಸಿಯಂ ಮತ್ತೆ ಏರಿತ್ತು. ಜೊತೆಗೆ ತೊಡೆಯ ಮಾಂಸ ಕರಗತೊಡಗಿತ್ತು. ಸೀರೆಯ ನೆರಿಗೆ ಎರಡು ಹೆಚ್ಚಾಗಿದ್ದನ್ನು ಮೊದಲು ಗಮನಿಸಿದವಳು ಸುಲೋಚನಾಳೇ.

ಸ್ನಾಯು ಏಕೆ ಕರಗುತ್ತಿದೆ ಎಂಬುದಕ್ಕೆ ಉತ್ತರ ಒಂದೇ ಇರಲಿಲ್ಲ. ಗಂಟುಗಳು ಸ್ನಾಯುವಿನೊಳಗೂ ಇಳಿದಿರಬಹುದು. ಹಾಗಿದ್ದರೆ ಗುಳಿಗೆ ಹೆಚ್ಚಿಸಬೇಕು. ಇಲ್ಲವೇ ಆ ಗುಳಿಗೆಯೇ ಸ್ನಾಯುವನ್ನು ತಿನ್ನುತ್ತಿರಬಹುದು, ಹಾಗಿದ್ದರೆ ಇಳಿಸಬೇಕು. ಎರಡೂ ಅಲ್ಲದೆ ಬೇರೇನೋ ಇರಬಹುದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಇದನ್ನು ಬಿಡಿಸಿ ಹೇಳುವುದಕ್ಕೆಂದೇ ಹುಟ್ಟಿದ ಸಾಧನ ‘ಆಲಿಕೆ’. ಆ ಸಾಧನವನ್ನು ರೂಪಿಸಿದ ಕೇಂದ್ರದಲ್ಲೇ ಸುಲೋಚನಾ ಕೆಲಸ ಮಾಡುತ್ತಿದ್ದಳು.

ಹೆಬ್ಬೆರಳಿನಿಂದ ಕಿವಿ ಮುಚ್ಚಿ ಮುಷ್ಟಿ ಬಿಗಿದರೆ ದೂರದಲ್ಲಿ ಗೂಡ್ಸ್ ರೈಲು ಹೋದಂಥ ಒಂದು ಮೊರೆತ ಕೇಳಿಸುತ್ತದೆ. ಅದು ಸ್ನಾಯುವಿನದೇ ದನಿ. ಕೇಂದ್ರಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅದರ ಮುಖ್ಯಸ್ಥ ಡಾಕ್ಟರ್ ಮುಲ್ಲಾ ಮೊದಲು ಮಾಡಿಸುತ್ತಿದ್ದ ಪ್ರಯೋಗ ಇದು. ಆ ದನಿಯನ್ನು ತೊಡೆಗೂ ತೋಳಿಗೂ ಕಟ್ಟಿದ ಒಂದು ಮೆತ್ತನೆಯ ಪಟ್ಟಿ ದಿನವಿಡೀ ಆಲಿಸಿದರೆ ಹೇಗೆ ಎಂಬುದು ಅವರ ತಲೆಯಲ್ಲಿ ಮೊಳೆತ ಪ್ರಶ್ನೆ. ಗಂಟು ಸೇರಿದ ಸ್ನಾಯುವಿನ ದನಿ, ಕಲ್ಲು ಸಿಕ್ಕ ಬೀಸುಕಲ್ಲಿನಂತೆ ಅಲ್ಲಲ್ಲಿ ತಡವರಿಸುತ್ತದೆ. ಸ್ಟೀರಾಯ್ಡ್ ತಿಂದ ಸ್ನಾಯುವಿನ ದನಿ ತಡವರಿಸುವುದಿಲ್ಲ, ಆದರೆ ತೆಳ್ಳಗಾಗುತ್ತದೆ. ಕ್ಯಾಲ್ಸಿಯಂನಲ್ಲಿ ಮುಳುಗಿದ ಸ್ನಾಯು ತಡವಾಗಿ ಶುರುವಾಗುತ್ತದೆ. ಮಿದುಳು ಕರೆದದ್ದು ಅದಕ್ಕೆ ಬೇಗ ಕೇಳಿಸುವುದಿಲ್ಲ. ಆದರೆ ಮನಸ್ಸು ಕುಗ್ಗಿದವರ ಸ್ನಾಯುವೂ ತಡವಾಗಿಯೇ ಶುರುವಾಗುತ್ತದೆ. ಹಾಗಾಗಿ ದನಿಯೊಂದೇ ಸಾಲದು. ಪಟ್ಟಿ ದಿನಕ್ಕೆ ಎರಡು ಸಲ ರೋಗಿಯನ್ನು ಮಾತನಾಡಿಸುತ್ತಿತ್ತು. ಅವರು ಹೇಳಿದ ಪದಗಳನ್ನು ನೋವು, ದಣಿವು, ಬಿಗಿತ, ಮನಸ್ಸು, ಇತರೆ ಎಂಬ ಐದು ಖಾನೆಗಳಿಗೆ ಹಂಚಿ, ದನಿಯ ಜೊತೆ ಕೂಡಿಸಿ ಲೆಕ್ಕ ಹಾಕುತ್ತಿತ್ತು.

ಯಾವ ಪದ ಯಾವ ಖಾನೆಗೆ ಎಂಬ ಪದಪಟ್ಟಿಯನ್ನು ತಯಾರಿಸಿದವಳು ಸುಲೋಚನಾ. ಹನ್ನೊಂದು ಸಾವಿರ ಪದಗಳು, ಎರಡು ವರ್ಷದ ಕೆಲಸ. ಕನ್ನಡದಲ್ಲಿ ಎಂ.ಎ. ಮಾಡಿದ್ದಕ್ಕೆ ಸಾರ್ಥಕವಾಯಿತೆಂದು ಅವಳಿಗೆ ಅನ್ನಿಸಿದ್ದು ಆಗಲೇ.

ಮಹಾನಂದಾ ಮೂರು ತಿಂಗಳಿಂದ ಆಲಿಕೆಯ ಪಟ್ಟಿ ಕಟ್ಟಿಕೊಂಡಿದ್ದಳು. ಸಿಬ್ಬಂದಿ ತಮ್ಮ ಮನೆಯವರ ದಾಖಲೆ ನೋಡುವಂತಿಲ್ಲ ಎಂಬ ನಿಯಮವಿತ್ತು. ಸುಲೋಚನಾ ಅದನ್ನು ಮುರಿದವಳಲ್ಲ. ಹಾಗಾಗಿ ಆ ಶುಕ್ರವಾರ ಸಂಜೆ ಆಸ್ಪತ್ರೆಯಿಂದ ಬಂದ ವರದಿಯನ್ನು ಮಹಾನಂದಾ ತಾನಾಗಿ ಅವಳ ಮುಂದೆ ಹಾಕಿದಾಗಲೇ ಅವಳು ಮೊದಲ ಸಲ ಅದನ್ನು ಓದಿದ್ದು.

ಸ್ನಾಯುವಿನಲ್ಲಿ ಗಂಟುಗಳಿರುವ ಸಂಭವ ನೂರಕ್ಕೆ ಅರವತ್ತೆಂಟು ಎಂದಿತ್ತು. ಸ್ಟೀರಾಯ್ಡ್ ಪ್ರಮಾಣವನ್ನು ಸೋಮವಾರದಿಂದ ಮೂರು ಪಟ್ಟು ಮಾಡಬೇಕೆಂದು ಆಸ್ಪತ್ರೆಯವರು ಬರೆದಿದ್ದರು. ಕೊನೆಯ ಸಾಲಿನಲ್ಲಿ ‘ಮನಸ್ಸು ತೀವ್ರವಾಗಿ ಕುಗ್ಗಿದೆ, ಆಪ್ತಸಲಹೆ ಅಗತ್ಯ’ ಎಂದಿತ್ತು.

“ಮನಸ್ಸು ಕುಗ್ಗೈತೆಂತ ನನ್ನದು,” ಎಂದಳು ಮಹಾನಂದಾ, ಬೆರಳಿನ ಹಿಟ್ಟು ಕೆರೆಯುತ್ತ. “ಯಾವ ಗಜಕಡ್ಡಿ ಹಿಡದ ಅಳದ್ರೋ ಏನೋ.”

ಸುಲೋಚನಾಳಿಗೆ ನಗು ಬರಲಿಲ್ಲ. ವರದಿ ತಪ್ಪಾಗಿದ್ದರೆ, ಗುಳಿಗೆಯೇ ತೊಡೆಯನ್ನು ತಿನ್ನುತ್ತಿದ್ದರೆ, ಮೂರು ಪಟ್ಟು ಗುಳಿಗೆ ಉಳಿದದ್ದನ್ನೂ ತಿಂದು ಮುಗಿಸುತ್ತದೆ. ಅದಾದ ಮೇಲೆ ನೆಲದಿಂದ ಏಳುವುದಿರಲಿ, ಕುರ್ಚಿಯಿಂದಲೂ ಏಳುವ ಹಾಗಿರುವುದಿಲ್ಲ. ವರದಿ ಸರಿಯಾಗಿದ್ದರೆ, ಗುಳಿಗೆ ಹೆಚ್ಚಿಸದೇ ಹೋದರೂ ಗತಿ ಅದೇ. ಯಂತ್ರವನ್ನು ನಂಬಬೇಕೆಂದು ತಾನೇ ಎಷ್ಟೋ ಮಂದಿಗೆ ಫೋನಿನಲ್ಲಿ ಹೇಳಿದ್ದಳು. ಈಗ ಅವಳು ಆ ವರದಿಯನ್ನು ಮತ್ತೆ ಮೊದಲ ಸಾಲಿನಿಂದ ಓದತೊಡಗಿದಳು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅವಳು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಒಳಗಿನಿಂದ ಪಟ್ಟಿಯ ಹೆಣ್ಣುದನಿ ಕೇಳಿಸಿತು. “ನಮಸ್ಕಾರ. ಇಂದು ನಿಮ್ಮ ದೇಹ ಹೇಗಿದೆ?”

“ಹೆಂಗಿರತೈತಿ. ಕಾಲು ಸೋತಾವು,” ಎಂದಿತು ಮಹಾನಂದಾಳ ದನಿ. “ನಿನ್ನಿಗಿಂತ ಹೆಚ್ಚಿಗಿನ ಸೋತಾವು. ರಟ್ಟಿನೂ ಸೋಲತಾವು.”

“ನಿಮ್ಮ ಮಾತು ದಾಖಲಾಗಿದೆ. ಧೈರ್ಯವಾಗಿರಿ. ನಿಮ್ಮ ಜೊತೆ ನಾವಿದ್ದೇವೆ.”

“ಮೂರು ತಿಂಗಳಾತು, ದಿನಾ ಧೈರ್ಯಾ ಹೇಳತೈತಿ ಇದು. ನಾ ಏನ್ ಪರೀಕ್ಷಾಕ್ಕ ಹೊಂಟೀನೇನ?”

ಸುಲೋಚನಾಳ ಕೈಯಲ್ಲಿನ ಸೋಸಣಿಗೆ ಅಲ್ಲೇ ನಿಂತಿತು. ‘ಧೈರ್ಯವಾಗಿರಿ. ನಿಮ್ಮ ಜೊತೆ ನಾವಿದ್ದೇವೆ.’ ಆ ಎರಡು ವಾಕ್ಯ ಬರೆದವಳು ಅವಳೇ. ನೋವು ಎಂದವರಿಗೆ ಪಟ್ಟಿ ಬೇರೆ ಮಾತು ಹೇಳುತ್ತದೆ, ದಣಿವು ಎಂದವರಿಗೆ ಬೇರೆ. ಧೈರ್ಯದ ಮಾತು ಬರುವುದು ಒಂದೇ ಒಂದು ಕಾರಣಕ್ಕೆ: ರೋಗಿ ಹೇಳಿದ ಪದ ‘ಮನಸ್ಸು’ ಖಾನೆಗೆ ಬಿದ್ದಾಗ.

ಚಹಾ ಆರುತ್ತಿದ್ದುದು ಅವಳ ಗಮನಕ್ಕೆ ಬರಲಿಲ್ಲ. ಸೋಲು, ಕುಗ್ಗು, ಕುಸಿ, ಕಂಗೆಡು, ಹತಾಶೆ. ಆ ಸಾಲು ಅವಳ ಕಣ್ಣಿಗೆ ಕಟ್ಟಿತು. ಎರಡು ವರ್ಷದ ಹಿಂದೆ ನಿಘಂಟು ತೆರೆದಿಟ್ಟುಕೊಂಡು ‘ಸೋಲು: ಅಪಜಯ, ಪರಾಭವ’ ಎಂದು ಓದಿ, ಎರಡನೆಯ ಸಲ ಯೋಚಿಸದೆ ಆ ಖಾನೆಗೆ ಹಾಕಿದ್ದಳು. ಅದರ ಕೆಳಗೆ ಇನ್ನೇನಾದರೂ ಅರ್ಥ ಕೊಟ್ಟಿದ್ದರೋ, ಅವಳು ಓದಿರಲಿಲ್ಲ.

ಗೊತ್ತಿರಲಿಲ್ಲವೆಂದಲ್ಲ. ಅವಳ ತವರಿನಲ್ಲಿಯೂ ಕಾಲು ಸೋಲುತ್ತಿದ್ದವು, ಕೈ ಸೋಲುತ್ತಿದ್ದವು. ಕಾಲೇಜಿನ ಮೊದಲ ವರ್ಷ ಪ್ರಬಂಧವೊಂದರಲ್ಲಿ ‘ಗುಡ್ಡ ಹತ್ತುವಷ್ಟರಲ್ಲಿ ನನ್ನ ಕಾಲು ಸೋತವು’ ಎಂದು ಬರೆದಿದ್ದಳು. ಉಪನ್ಯಾಸಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ‘ಆಡುಮಾತು’ ಎಂದು ಬರೆದು ತರಗತಿಯಲ್ಲಿ ಓದಿ ಹೇಳಿದ್ದರು. ಅಂದಿನಿಂದ ಪದಗಳ ವಿಷಯದಲ್ಲಿ ಅವಳು ಎಚ್ಚರದವಳಾದಳು. ಆ ಎಚ್ಚರವೇ ಈ ಕೆಲಸ ಮಾಡಿತ್ತು.

ಆದರೂ ಒಂದು ಪದಕ್ಕೆ ಎಷ್ಟು ತೂಕ ಕೊಡಬಹುದು? ಇದು ತನ್ನ ಗಾಬರಿಯಷ್ಟೇ ಆಗಿದ್ದರೆ? ಅವಳು ಚಹಾ ಕೊಟ್ಟು, ರೊಟ್ಟಿ ಕೇಂದ್ರದ ಕೋಣೆಗೆ ಹೋಗಿ, ಹಿಟ್ಟಿನ ಡಬ್ಬಿಯ ಮೇಲೆ ಕೂತಳು. ಅಲ್ಲಿಗೆ ಅವಳು ಸಾಮಾನ್ಯವಾಗಿ ಬರುವವಳಲ್ಲವಾದ್ದರಿಂದ ನಾಲ್ವರೂ ಬಡಿಯುವುದನ್ನು ನಿಧಾನ ಮಾಡಿದರು. ಸುಸ್ತು, ದಣಿವು, ನಿತ್ರಾಣ, ಸೋಲು, ಇವುಗಳಲ್ಲಿ ಏನು ಫರಕು ಎಂದು ಅವಳು ಕೇಳಿದಳು.

ಮೊದಲು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸುರುವಾದದ್ದು ನಿಲ್ಲಲಿಲ್ಲ. ಕಮಲಾಪುರದಿಂದ ನಡೆದು ಬಂದರೆ ದಣಿವು ಎಂದಳು ಒಬ್ಬಳು. ಕೂತು ನೀರು ಕುಡಿದರೆ ಅದು ಹೋಗುತ್ತದೆ. ಉಪವಾಸ ಬಿದ್ದರೆ ನಿತ್ರಾಣ. ಸುಸ್ತು ಎಂದರೆ ಇಡೀ ಮನುಷ್ಯನಿಗೆ ಆಗುವುದು, ತನ್ನ ಗಂಡ ಬಾಯಿ ತೆರೆದರೆ ತನಗೆ ಆಗುವುದು ಅದೇ ಎಂದು ಇನ್ನೊಬ್ಬಳು ಹೇಳಿದಾಗ ಎಲ್ಲರೂ ನಕ್ಕರು. ಹಾಗಾದರೆ ಸೋಲುವುದೆಂದರೆ ಎಂದು ಸುಲೋಚನಾ ಬಿಡದೆ ಕೇಳಿದಳು.

ಅವರಲ್ಲಿ ಹಿರಿಯಳಾದ ನೀಲವ್ವ ಕೈಯಲ್ಲಿನ ಹಿಟ್ಟಿನ ಉಂಡೆಯನ್ನು ಕೆಳಗಿಟ್ಟಳು. “ಸೋಲೂದು ಮನಿಶಾಗ ಅಲ್ಲಬೇ, ಕೈಕಾಲಿಗೆ. ಏಳು ಅಂತ ನಾ ಹೇಳತೇನಿ, ಅದು ಕೇಳೂದಿಲ್ಲ. ನೋವಿಲ್ಲ, ಏನಿಲ್ಲ. ಸುಮ್ಮನ ಕೇಳೂದಿಲ್ಲ.”

ಮಿದುಳು ಕರೆದದ್ದು ಸ್ನಾಯುವಿಗೆ ಬೇಗ ಕೇಳಿಸುವುದಿಲ್ಲ. ಡಾಕ್ಟರ್ ಮುಲ್ಲಾ ಗೋಡೆಯ ಮೇಲೆ ಚಿತ್ರ ಬರೆದು ಅರ್ಧ ಗಂಟೆ ವಿವರಿಸುತ್ತಿದ್ದ ಸಂಗತಿ. ಸುಲೋಚನಾ ಸೆರಗಿಗೆ ಅಂಟಿದ ಹಿಟ್ಟನ್ನೂ ಕೊಡವದೆ ಎದ್ದಳು.

ಭಾನುವಾರವೂ ಆಲಿಕೆಯ ಕೇಂದ್ರ ತೆರೆದಿರುತ್ತಿತ್ತು, ಪಟ್ಟಿಗಳಿಗೆ ರಜೆಯಿಲ್ಲ. ಜಿಲ್ಲೆಯ ಇನ್ನೂರಹನ್ನೆರಡು ಜನರ ಸ್ನಾಯುಗಳ ದನಿ, ಆಲಿಸುವ ಕೋಣೆಯ ಪರದೆಗಳ ಮೇಲೆ, ಸಣ್ಣ ಹಸಿರು ಗೆರೆಗಳಾಗಿ ನಡುಗುತ್ತಿತ್ತು. ಡಾಕ್ಟರ್ ಮುಲ್ಲಾ ಐವತ್ತೈದು ದಾಟಿದ, ಮೆಲ್ಲಗೆ ಮಾತನಾಡುವ ಮನುಷ್ಯ. ಅವರ ಎದುರು ಸುಲೋಚನಾ ಕುರ್ಚಿಯ ತುದಿಯಲ್ಲಿ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳನ್ನೆಲ್ಲ ಮರೆತು, ಪದಪಟ್ಟಿಯಲ್ಲಿ ತಪ್ಪಾಗಿದೆ, ತಪ್ಪು ತನ್ನದು ಎಂದಷ್ಟೇ ಹೇಳಿದಳು.

ಅವರು ಪೂರ್ತಿ ಕೇಳಿದರು. ನಡುವೆ ಒಮ್ಮೆ, ತಮ್ಮ ತಾಯಿಯೂ ನಮಾಜಿನಲ್ಲಿ ಮೊಳಕಾಲೂರಿ ಏಳುವಾಗ ಕಾಲು ಸೋತವೆಂದೇ ಹೇಳುತ್ತಿದ್ದರು ಎಂದರು. “ನಾನೂ ಆ ಪಟ್ಟಿ ಓದಿ ಸಹಿ ಮಾಡೇನಿ, ಸುಲೋಚನಾ ಅವರ. ನನ್ನ ಕಣ್ಣಿಗೂ ಬೀಳಲಿಲ್ಲ. ಬರದದ್ದು ಓದುವಾಗ ಮನೀ ಮಾತು ನೆನಪಿಗೇ ಬರೂದಿಲ್ಲ.” ಆಮೇಲೆ, ಒಂದು ಪದ ಸರಿಸಿದ ಮಾತ್ರಕ್ಕೆ ಕಾಯಿಲೆ ಬದಲಾಗುವುದಿಲ್ಲ, ಆದರೆ ಪ್ರಶ್ನೆ ಬದಲಾಗಬಹುದು ಎಂದು ಎಚ್ಚರಿಸಿದರು.

‘ಕಸುವು’ ಎಂಬ ಆರನೆಯ ಖಾನೆ ತೆರೆದರು. ಕೈ, ಕಾಲು, ರಟ್ಟೆ, ಸೊಂಟ, ಇವುಗಳ ಹಿಂದೆ ಬಂದ ‘ಸೋಲು’ ಎಲ್ಲವೂ ಅದಕ್ಕೆ; ಮನುಷ್ಯನೇ ಸೋತೆನೆಂದರೆ ಮಾತ್ರ ಮನಸ್ಸಿಗೆ. ಬಳಿಕ ಇನ್ನೂರಹನ್ನೆರಡು ದಾಖಲೆಗಳನ್ನೂ, ಹೆಸರಿಲ್ಲದೆ ಸಂಖ್ಯೆಗಳಲ್ಲೇ, ಮೊದಲಿನಿಂದ ಲೆಕ್ಕಕ್ಕೆ ಹಾಕಿದರು. ಯಂತ್ರಕ್ಕೆ ನಲವತ್ತು ನಿಮಿಷ ಬೇಕಾಯಿತು. ಆ ನಲವತ್ತು ನಿಮಿಷ ಸುಲೋಚನಾ ಕಿಟಕಿಯಾಚೆ ಯಾರೋ ಬಟ್ಟೆ ಒಣಹಾಕುವುದನ್ನೇ ನೋಡುತ್ತ ನಿಂತಿದ್ದಳು.

ಮೂವತ್ತೊಂದು ವರದಿಗಳು ಬದಲಾದವು. ಅವುಗಳಲ್ಲಿ ಒಂದರ ಸಂಖ್ಯೆ ಮಹಾನಂದಾಳ ತೊಡೆಯ ಪಟ್ಟಿಯ ಮೇಲೆ ಬರೆದಿದ್ದ ಸಂಖ್ಯೆ. ಮುಂದಿನದನ್ನು ಓದದಂತೆ ಅವಳು ಮುಖ ತಿರುಗಿಸಿದಳು. ಮುಲ್ಲಾ ತಾವಾಗಿಯೇ, ನಿಮ್ಮ ಮನೆಯವರಿಗೆ ನಾನು ಇವತ್ತು ಫೋನು ಮಾಡಲೇಬೇಕು, ಅವರು ಹೇಗೂ ನಿಮಗೆ ಹೇಳುತ್ತಾರೆ, ಆದ್ದರಿಂದ ಕೇಳಿಬಿಡಿ ಎಂದರು.

ಸ್ನಾಯು ತಡವಾಗಿ ಶುರುವಾಗುವುದನ್ನು ಯಂತ್ರ ಇಷ್ಟು ದಿನ ಕುಗ್ಗಿದ ಮನಸ್ಸಿನ ಲೆಕ್ಕಕ್ಕೆ ಬರೆದುಕೊಂಡಿತ್ತು. ಉಳಿದದ್ದು ಕರಗಿದ ಸ್ನಾಯು ಮತ್ತು ಏರಿದ ಕ್ಯಾಲ್ಸಿಯಂ. ಅವೆರಡನ್ನೂ ಕೂಡಿಸಿ ‘ಗಂಟು’ ಎಂದಿತ್ತು. ಈಗ ಮನಸ್ಸಿನ ಖಾನೆ ಬಹುತೇಕ ಖಾಲಿಯಾಗಿತ್ತು. ತಡವಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿ ಬಂದಾಗ ಯಂತ್ರ ಕ್ಯಾಲ್ಸಿಯಂನತ್ತ ತಿರುಗಿ, ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿತ್ತು. ಗಂಟುಗಳಿಂದ ಏರಿದ ಕ್ಯಾಲ್ಸಿಯಂ ಸ್ಟೀರಾಯ್ಡ್‌ಗೆ ಇಳಿಯಬೇಕಿತ್ತಲ್ಲ, ಈ ಸಲ ಏಕೆ ಇಳಿಯಲಿಲ್ಲ? ಗಂಟಿನ ಸಂಭವ ಇಪ್ಪತ್ತಕ್ಕೆ ಇಳಿದಿತ್ತು. ಮೇಲೆ ಬಂದಿದ್ದುದು ಪ್ಯಾರಾಥೈರಾಯ್ಡ್.

ಕುತ್ತಿಗೆಯಲ್ಲಿ ಜೋಳದ ಕಾಳಿನಷ್ಟೇ ಇರುವ ನಾಲ್ಕು ಗ್ರಂಥಿಗಳವು. ಕ್ಯಾಲ್ಸಿಯಂ ಎಷ್ಟಿರಬೇಕೆಂದು ನೋಡಿಕೊಳ್ಳುವುದೇ ಅವುಗಳ ಕೆಲಸ. ಅವುಗಳಲ್ಲಿ ಒಂದು ದಾರಿ ತಪ್ಪಿದರೆ ಎಲುಬಿನಿಂದ ಕ್ಯಾಲ್ಸಿಯಂ ಬಸಿದು ರಕ್ತಕ್ಕೆ ಸುರಿಯುತ್ತದೆ, ಸ್ನಾಯು ಮಂಕಾಗುತ್ತದೆ. ಮೂರು ವರ್ಷದ ಹಿಂದೆ ಆ ಗ್ರಂಥಿಯ ಪರೀಕ್ಷೆ ಮಾಡಿದ್ದರು, ಆಗ ಸರಿಯಿತ್ತು. ಕ್ಯಾಲ್ಸಿಯಂಗೆ ಒಂದು ಕಾರಣ ಸಿಕ್ಕಿದ ಮೇಲೆ ಎರಡನೆಯ ಕಾರಣವನ್ನು ಯಾರೂ ಹುಡುಕಿರಲಿಲ್ಲ.

“ಇದಿನ್ನೂ ಊಹೆ,” ಎಂದರು ಮುಲ್ಲಾ. “ನಾಳೆ ಮುಂಜಾನೆ ರಕ್ತ ಕೊಡಲಿ. ಫಲಿತಾಂಶ ಬರೂತನಕ ಗುಳಿಗಿ ಏರಿಸೂದು ಬ್ಯಾಡ, ನಿಲ್ಲಿಸೂದೂ ಬ್ಯಾಡ. ಈಗ ಎಷ್ಟು ತಗೋತಾರೋ ಅಷ್ಟು. ಆಸ್ಪತ್ರಿಯವರ ಕೂಡ ನಾ ಮಾತಾಡತೇನಿ.”

ಸುಲೋಚನಾ ಎದ್ದಳು, ಮತ್ತೆ ಕೂತಳು. ಮೂವತ್ತೊಂದರಲ್ಲಿ ಎಷ್ಟು ಜನಕ್ಕೆ ಈಗಾಗಲೇ ಗುಳಿಗೆ ಏರಿಸಿದ್ದಾರೆ ಎಂದು ಕೇಳಿದಳು. ಆರು ಎಂದರು ಅವರು. ಅವಳು ಆ ಸಂಖ್ಯೆಯನ್ನು ಬರೆದುಕೊಳ್ಳಲಿಲ್ಲ. ಮರೆಯುವ ಸಂಖ್ಯೆಯಾಗಿರಲಿಲ್ಲ ಅದು. ಆ ಆರೂ ಜನರ ವೈದ್ಯರಿಗೆ ತಾವು ಈಗಲೇ ತಿಳಿಸುವುದಾಗಿ ಮುಲ್ಲಾ ಹೇಳಿದರು. ಆ ಮನೆಗಳಿಗೆ ಫೋನು ಮಾಡುವ ಕೆಲಸವನ್ನು ತನಗೆ ಕೊಡಿ ಎಂದು ಅವಳು ಕೇಳಿಕೊಂಡಳು. ಸಂಜೆಯವರೆಗೆ ಕೂತು ಆರೂ ಮನೆಗಳಿಗೆ ಮಾತನಾಡಿದಳು. ಐದು ಮನೆಯವರು ಸರಿ ಎಂದರು. ಕಲಘಟಗಿಯ ಒಬ್ಬ ಮುದುಕ, ತಾನು ಮೊದಲೇ ಹೇಳಿರಲಿಲ್ಲವೇ ಎಂದು ಬೈದು, ಬೈದ ಮೇಲೆ ನಿನ್ನ ಊಟವಾಯಿತೇ ಎಂದು ಕೇಳಿ ಫೋನಿಟ್ಟ.

ಮನೆಗೆ ಬಂದಾಗ ಮಹಾನಂದಾ ಪಡಸಾಲೆಯಲ್ಲಿ ಗೋಡೆಗೊರಗಿ ಶೇಂಗಾ ಸುಲಿಯುತ್ತಿದ್ದಳು. ಮುಲ್ಲಾ ಅವರ ಫೋನು ಬಂದು ಹೋಗಿತ್ತು. ಯಾವುದೋ ಪದದ ಗೊಂದಲ ಎಂದಷ್ಟೇ ಅವರು ಹೇಳಿದ್ದರಂತೆ. ಯಾರ ಹೆಸರನ್ನೂ ಎತ್ತಿರಲಿಲ್ಲ. ಸುಲೋಚನಾ ಅಲ್ಲಿಗೆ ಬಿಡಬಹುದಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಎದುರಿಗೆ ಕೂತಳು. ಪದಪಟ್ಟಿ ಮಾಡಿದ್ದು ತಾನು, ‘ಸೋಲು’ ಎಂಬುದನ್ನು ಮನಸ್ಸಿನ ಖಾನೆಗೆ ಹಾಕಿದ್ದು ತಾನು, ಮೂರು ತಿಂಗಳು ಅವಳು ಹೇಳಿದ್ದೆಲ್ಲ ತಪ್ಪು ಡಬ್ಬಿಗೆ ಬಿದ್ದದ್ದು ತನ್ನಿಂದ ಎಂದು ಒಂದೊಂದಾಗಿ ಹೇಳಿದಳು.

ಮಹಾನಂದಾ ಇನ್ನೂ ನಾಲ್ಕೈದು ಶೇಂಗಾ ಸುಲಿದಳು.

“ಅಂದ್ರ ನಾ ಕಾಲು ಸೋತಾವು ಅಂದ್ರ, ಅದು ಮಾನಂದವ್ವ ಸೋತ್ಲು ಅಂತ ಬರಕೊಂತು.”

“ಹೂಂ, ಅಕ್ಕಾರ.”

“ಮದಿವಿ ಆಗಿ ಇಪ್ಪತ್ತಾರು ವರ್ಷ, ಈ ಮನ್ಯಾಗ ನಾ ಸೋತದ್ದು ಯಾರರ ನೋಡ್ಯಾರೇನ?”

“ಇಲ್ಲ.”

“ಎಂ.ಎ. ಮಾಡಿದಾಕಿ ನೀನು. ನೀಲವ್ವಗ ಗೊತ್ತಿದ್ದದ್ದು ನಿನಗ ಗೊತ್ತಿರಲಿಲ್ಲ.”

“ಗೊತ್ತಿತ್ರಿ,” ಎಂದಳು ಸುಲೋಚನಾ. ಅವಳ ದನಿ ಸಣ್ಣಗಾಗಿತ್ತು. “ಗೊತ್ತಿದ್ದೂ ಬರೀಲಿಲ್ಲ. ಬರಿಯೂ ಮಾತಲ್ಲ ಅನಕೊಂಡಿದ್ದೆ.”

ಮಹಾನಂದಾ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಸುಲಿದ ಶೇಂಗಾದ ತಟ್ಟೆಯನ್ನು ಅವಳತ್ತ ಸರಿಸಿದಳು. ಬೆಳಿಗ್ಗೆ ರಕ್ತ ಕೊಡಲು ಬರಿಹೊಟ್ಟೆಯಲ್ಲಿ ಹೋಗಬೇಕೋ ಹೇಗೆ ಎಂದು ಮಾತ್ರ ಕೇಳಿದಳು.

ಮಂಗಳವಾರ ಮಧ್ಯಾಹ್ನ ಫಲಿತಾಂಶ ಬಂತು. ಕ್ಯಾಲ್ಸಿಯಂ ಅಷ್ಟು ಏರಿದ್ದಾಗ ಪ್ಯಾರಾಥೈರಾಯ್ಡ್ ತನ್ನ ಕೆಲಸ ನಿಲ್ಲಿಸಿ ಸುಮ್ಮನಿರಬೇಕಿತ್ತು. ಅದು ಇರಬೇಕಾದದ್ದಕ್ಕಿಂತ ಮೂರು ಪಟ್ಟು ದುಡಿಯುತ್ತಿತ್ತು. ಸ್ಕ್ಯಾನಿನಲ್ಲಿ ಎಡಗಡೆಯ ಕೆಳಗಿನ ಗ್ರಂಥಿ ಶೇಂಗಾ ಬೀಜದಷ್ಟು ಬೆಳೆದಿರುವುದು ಕಂಡಿತು. ಹೊಸ ಗಂಟುಗಳು ಎಲ್ಲಿಯೂ ಕಾಣಲಿಲ್ಲ. ಒಂದಲ್ಲ, ಎರಡು ಕಾಯಿಲೆಗಳು ಒಂದೇ ಮನೆಯಲ್ಲಿ ಬಾಡಿಗೆಗಿದ್ದವು. ಒಂದರ ಗಲಾಟೆಯಲ್ಲಿ ಇನ್ನೊಂದರ ಸದ್ದು ಕೇಳಿಸಿರಲಿಲ್ಲ.

ಮೂರು ವಾರದ ಮೇಲೆ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ಬೆಳಿಗ್ಗೆ ಪಟ್ಟಿ ಕೇಳಿದಾಗ ಮಹಾನಂದಾ, ತುಟಿ ಜುಮು ಜುಮು ಅಂತಾವು ಎಂದಳು. ಕ್ಯಾಲ್ಸಿಯಂ ಒಮ್ಮೆಲೇ ಇಳಿದಾಗ ಹಾಗಾಗುತ್ತದೆ. ಐದು ನಿಮಿಷದಲ್ಲಿ ನರ್ಸ್ ಬಂದಳು. ‘ಜುಮು ಜುಮು’ ಸುಲೋಚನಾಳ ಪದಪಟ್ಟಿಯಲ್ಲಿ ಮೊದಲಿನಿಂದಲೂ ಸರಿಯಾದ ಖಾನೆಯಲ್ಲೇ ಇತ್ತು. ಅದನ್ನು ಕೇಳಿ ಅವಳಿಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಯಾಕೋ ಅಳು ಬಂತು.

ಸ್ನಾಯು ಹೋಗುವಾಗ ಅವಸರದಲ್ಲಿ ಹೋಗಿತ್ತು. ಬರುವಾಗ ಅದಕ್ಕೆ ಅವಸರವಿರಲಿಲ್ಲ. ಸ್ಟೀರಾಯ್ಡನ್ನು ತಿಂಗಳಿಗಿಷ್ಟೆಂದು ಮೆಲ್ಲಗೆ ಇಳಿಸಿದರು. ಅದೂ ಒಂದಿಷ್ಟು ಮಾಂಸ ತಿಂದಿತ್ತೆಂಬುದು ಆಗ ಗೊತ್ತಾಯಿತು. ಶ್ವಾಸಕೋಶದ ಗಂಟುಗಳು ಅಲ್ಲೇ ಇದ್ದವು, ಮುಂದೆಯೂ ಇರುವವು. ಆರು ತಿಂಗಳಿಗೊಮ್ಮೆ ಅವುಗಳ ಮೇಲೆ ಕಣ್ಣಿಡಬೇಕು. ಮಹಾನಂದಾ ಬೆಳಿಗ್ಗೆ ಕುರ್ಚಿಯಿಂದ ಹತ್ತು ಸಲ, ಸಂಜೆ ಹತ್ತು ಸಲ ಎದ್ದು ಕೂರುವ ವ್ಯಾಯಾಮ ಮಾಡುತ್ತಿದ್ದಳು. ವ್ಯಾಯಾಮ ಕಲಿಸಲು ಬಂದ ಹುಡುಗಿಗೆ ಏಳೇ ದಿನದಲ್ಲಿ ರೊಟ್ಟಿ ಬಡಿಯಲು ಕಲಿಸಿದಳು.

ಕೇಂದ್ರದಲ್ಲಿ ಸುಲೋಚನಾ ಪದಪಟ್ಟಿಯನ್ನು ಮೊದಲಿನಿಂದ ಮಾಡತೊಡಗಿದಳು. ಈ ಸಲ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡಳು, ಎದುರಿಗಲ್ಲ. ನವಲಗುಂದ, ಕುಂದಗೋಳ, ಅಳ್ನಾವರ ಎಂದು ಊರೂರು ತಿರುಗಿ, ಮಂಡಕ್ಕಿ ಭಟ್ಟಿಯವರನ್ನು, ಕಂಬಳಿ ನೇಯುವವರನ್ನು, ಬಸ್ಸಿನ ಕಂಡಕ್ಟರುಗಳನ್ನು ಕೇಳಿ ಬರೆದುಕೊಂಡು ಬಂದಳು. ‘ಆಡುಮಾತು’ ಎಂಬ ಗುರುತನ್ನು ಹೊಸ ಪಟ್ಟಿಯಲ್ಲಿ ಎಲ್ಲಿಯೂ ಹಾಕಲಿಲ್ಲ. ಗುಳಿಗೆ ಏರಿಸಿಕೊಂಡಿದ್ದ ಆರು ಜನರಲ್ಲಿ ನಾಲ್ವರು ಚೇತರಿಸಿಕೊಳ್ಳುತ್ತಿದ್ದರು. ಇಬ್ಬರ ವಿಷಯ ಇನ್ನೂ ಹೇಳುವಂತಿರಲಿಲ್ಲ. ಪ್ರತಿ ಸೋಮವಾರ ಆರು ಮನೆಗಳಿಗೂ ಫೋನು ಮಾಡುವುದನ್ನು ಅವಳು ಬಿಟ್ಟಿರಲಿಲ್ಲ. ಕಲಘಟಗಿಯ ಮುದುಕ ಪ್ರತಿ ಸಲವೂ ಮೊದಲು ಬೈಯುತ್ತಿದ್ದ.

ಆರನೆಯ ತಿಂಗಳು, ನೆಲಕ್ಕೆ ಕೂರದೆ ಕುರ್ಚಿಯಲ್ಲೇ ಕೂರಬೇಕೆಂಬ ಕಟ್ಟಳೆ ಮುಗಿಯಿತೆಂದು ಮಹಾನಂದಾ ತಾನೇ ಘೋಷಿಸಿಕೊಂಡು ಹಲಗೆಯನ್ನು ಮತ್ತೆ ನೆಲಕ್ಕಿಳಿಸಿದಳು. ನಾಲ್ಕೈದು ದಿನ ಕಳೆದವು. ಒಂದು ಬೆಳಿಗ್ಗೆ ಸುಲೋಚನಾ ಪಡಸಾಲೆಯಲ್ಲಿ ಪದಪಟ್ಟಿಯ ಹಾಳೆಗಳನ್ನು ತಿದ್ದುತ್ತ ಕೂತಿದ್ದಳು. ಒಳಗೆ ರೊಟ್ಟಿಯ ಸದ್ದು ನಡೆದಿತ್ತು, ಮೊದಲಿನಷ್ಟು ಬಿರುಸಿಲ್ಲ, ಆದರೆ ತಪ್ಪಿಲ್ಲದ ಸದ್ದು. ಅದು ನಿಂತಿತು.

ಅವಳ ಬೆರಳು ತಾನಾಗಿ ಸಾಲಿನ ಮೇಲೆ ಬಂತು. ಒಂದು, ಎರಡು. ಹಲಗೆ ಸರಿಯಿತು. ನಾಲ್ಕು. ಗೋಡೆಗೆ ಅಂಗೈ ಊರಿದ ಸಪ್ಪಳಕ್ಕಾಗಿ ಅವಳು ಕಿವಿಗೊಟ್ಟಳು. ಆರು, ಏಳು. ಆ ಸಪ್ಪಳ ಬರಲಿಲ್ಲ. ಬಿದ್ದಳೇ? ಎಂಟು ಎನ್ನುವಾಗ ಕುರ್ಚಿ ಸರಿಸಿ ಎದ್ದೇಬಿಟ್ಟಿದ್ದಳು.

ಮಹಾನಂದಾ ಬಾಗಿಲಲ್ಲಿ ನಿಂತಿದ್ದಳು. ಎರಡೂ ಅಂಗೈಗಳ ತುಂಬ ಹಿಟ್ಟಿತ್ತು. ಗೋಡೆ ಮುಟ್ಟಿದ್ದರೆ ಒರೆಸಿ ಹೋಗಿರಬೇಕಾದ ಹಿಟ್ಟು.

“ಎಷ್ಟಾತು?” ಎಂದು ಕೇಳಿದಳು.

ಸುಲೋಚನಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖಕ್ಕೆ ರಕ್ತ ನುಗ್ಗಿತು. ಇಷ್ಟು ದಿನ ಕದ್ದು ಎಣಿಸಿದ್ದು ಒಳಗೆ ಕೂತವಳಿಗೆ ಗೊತ್ತಿತ್ತು.

“ಎಂಟು,” ಎಂದಳು.

“ಏಳು,” ಎಂದಳು ಮಹಾನಂದಾ. “ನೀ ಯಾವಾಗಲೂ ಒಂದು ಜಲ್ದಿ ಸುರು ಮಾಡತಿ.” ಹಾಗೆಂದು, ಹಂಚಿನ ಮೇಲಿನ ರೊಟ್ಟಿ ಹೊತ್ತೀತೆಂದು ಒಳಗೆ ಹೋಗಿ, ಯಾರ ಕೈಯನ್ನೂ ಹಿಡಿಯದೆ, ಮತ್ತೆ ನೆಲಕ್ಕೆ ಕೂತಳು.